ಶಾಸನ ಮಾಡಿದವರು ಓದಿದರೇ?

ಮಾದಕದ್ರವ್ಯವನ್ನು ನಿರ್ಮೂಲಗೊಳಿಸುವೆವೆಂದು ಗರ್ಜಿಸದ ಪಕ್ಷವಿಲ್ಲ. ಆ ಗರ್ಜನೆಯ ಬೆಲೆಯನ್ನು ಒಂದು ಸಂಗತಿಯಿಂದಲೇ ಅಳೆಯಬಹುದು. 1985ರ ಮಾದಕದ್ರವ್ಯ ಶಾಸನದ 27-ಎ ಕಲಮು ಈ ಅಕ್ರಮ ವ್ಯಾಪಾರಕ್ಕೆ ಹಣವೊದಗಿಸುವವರಿಗೆ 10ರಿಂದ 20 ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. 2014ರ ತಿದ್ದುಪಡಿಯಲ್ಲಿ ಅದು ಆಧರಿಸಿದ್ದ ವ್ಯಾಖ್ಯೆಯ ಕ್ರಮಾಂಕವು ಬದಲಾಯಿತು. ಕಲಮಿನೊಳಗೆ ಹಳೆಯ ಕ್ರಮಾಂಕವೇ ಉಳಿಯಿತು. ಇದರಿಂದ ಕಲಮು ನಿರ್ಜೀವವಾಗಿದೆಯೆಂದು ತ್ರಿಪುರಾ ಉಚ್ಚ ನ್ಯಾಯಾಲಯವು 2021ರಲ್ಲಿ ತೋರಿಸಿಕೊಟ್ಟಿತು. ಆ ಬಳಿಕವೇ ಪಾರ್ಲಿಮೆಂಟು ಎಚ್ಚತ್ತು, 2014ರ ಮೇ 1ರಿಂದಲೇ ಅನ್ವಯಿಸುವಂತೆ ತಿದ್ದಿತು. ಪ್ರಮಾದವು ಕಾಂಗ್ರೆಸ್ಸಿನ ಆಳ್ವಿಕೆಯದು, ಏಳು ವರ್ಷಗಳ ನಿದ್ರೆಯು ಭಾಜಪದ ಆಳ್ವಿಕೆಯದು; ಹಿಂದಿನಿಂದ ಬಂದ ಭಾರವೋ ಪ್ರಜೆಯ ತಲೆಯ ಮೇಲೆ. ಸೇವಿಸುವ ಬಡವನನ್ನು ಸೆರೆಗೆ ಕಳುಹಿಸುವ 27ನೆಯ ಕಲಮಾದರೋ ಒಂದು ದಿನವೂ ಕೆಟ್ಟಿರಲಿಲ್ಲ! ಮುಂದಿನ ಗರ್ಜನೆಗೆ ಕರತಾಡನ ಮಾಡುವ ಮೊದಲು, ತಾವು ಅಂಗೀಕರಿಸಿದ ಶಾಸನವನ್ನು ಓದಿರುವಿರಾ ಎಂದು ಪ್ರತಿನಿಧಿಗಳನ್ನು ಕೇಳುವುದು ಪ್ರಜೆಯ ಕರ್ತವ್ಯವಾಗಿದೆ.