ಅಳಿವೆ ಕಟ್ಟಿದ ಊರು: ತದಡಿಯ ಹುಟ್ಟು ಮತ್ತು ವಹಿವಾಟು

ಉತ್ತರ ಕನ್ನಡದ ಕರಾವಳಿಯಲ್ಲಿ ಗೋಕರ್ಣ ಬೆಳೆದದ್ದು ದೇವಾಲಯದ ಸುತ್ತ, ಮಿರ್ಜಾನ್ ಬೆಳೆದದ್ದು ಕೋಟೆಯ ಸುತ್ತ. ಇವೆರಡಕ್ಕೂ ನೆರೆಯದಾದ ತದಡಿ ಬೆಳೆದದ್ದು ಅಳಿವೆಯ ಸುತ್ತ. ನದಿ ಸಮುದ್ರವನ್ನು ಕೂಡುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾವ ಅಣೆಕಟ್ಟಿಗೂ ಸಿಲುಕದೆ ಹರಿದುಬರುವ ಅಘನಾಶಿನಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವಾಗ ಅದರ ಉತ್ತರ ದಡದಲ್ಲಿ ತದಡಿಯೂ ದಕ್ಷಿಣ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮವೂ ಎದುರುಬದುರಾಗಿ ನಿಂತಿವೆ. ಈ ಎರಡು ದಡಗಳ ನಡುವಿನ ತಾರಿ, ಅಂದರೆ ದೋಣಿಯ ಸಂಚಾರ, ಊರಿನ ದಿನಚರಿಯನ್ನು ಬಹುಕಾಲ ನಿರ್ಧರಿಸಿದೆ.

ತದಡಿಯ ಮೊದಲ ವಹಿವಾಟನ್ನು ತಿಳಿಯಲು ನದಿಯ ಮೇಲ್ಮುಖವಾಗಿ ಮಿರ್ಜಾನಿನವರೆಗೆ ಹೋಗಬೇಕಾಗುತ್ತದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯನ್ನು ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಇಳಿದುಬಂದು ಹಡಗು ಸೇರುತ್ತಿದ್ದ ತಾಣಗಳಲ್ಲಿ ಮಿರ್ಜಾನ್ ಒಂದಾಗಿತ್ತು. ಆ ಬಂದರಿನಿಂದ ಹೊರಟ ಸರಕೆಲ್ಲವೂ ಕಡಲಿಗೆ ಇಳಿಯಬೇಕಾದದ್ದು ತದಡಿಯ ಅಳಿವೆಯಿಂದಲೇ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುವುದರಿಂದ ತುಂಬಿದ ಹಡಗು ಉಬ್ಬರಕ್ಕಾಗಿ ಕಾಯಬೇಕಾಗುತ್ತದೆ. ಕಾಯುವ ಹಡಗಿಗೆ ನೀರು, ಅಕ್ಕಿ, ಸೌದೆ, ದಾರಿ ಬಲ್ಲ ಅಂಬಿಗ, ಎಲ್ಲವೂ ಬೇಕು. ಬಂದರಿನ ಅಂಚಿನ ಊರುಗಳು ಇಂಥ ಕಾಯುವಿಕೆಯ ಮೇಲೆಯೇ ನೆಲೆಯೂರುತ್ತವೆ ಎಂಬುದನ್ನು ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಾಗಿದೆ.

19ನೆಯ ಶತಮಾನದಲ್ಲಿ ಈ ಕರಾವಳಿಯ ದೊಡ್ಡ ವ್ಯಾಪಾರ ಕುಮಟೆಗೆ ಸರಿಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಹಡಗೇರುತ್ತಿದ್ದುದರಿಂದ ಮುಂಬಯಿ ಮತ್ತು ಲಿವರ್‌ಪೂಲಿನ ಪೇಟೆಗಳಲ್ಲಿ ಆ ಹತ್ತಿಗೆ ‘ಕುಮ್ಟಾ’ ಎಂಬ ಹೆಸರೇ ಬಿದ್ದಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ ಅಲ್ಲಿನ ಹತ್ತಿಯನ್ನು ತಡೆದಾಗ ಇಲ್ಲಿನ ಹತ್ತಿಗೆ ಬೆಲೆ ಏರಿತು, ಮತ್ತು ಅದೇ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದರೆ 1880ರ ದಶಕದ ಕೊನೆಗೆ ಮಾರ್ಮಗೋವಾ ಬಂದರಿಗೆ ರೈಲು ಬಂದದ್ದೇ ಹತ್ತಿ ಆ ದಾರಿ ಹಿಡಿಯಿತು, ಕುಮಟೆಯ ವೈಭವ ಇಳಿಯಿತು. ತದಡಿಯಂಥ ಕಿರು ಬಂದರು ಈ ಏಟನ್ನು ತಾಳಿಕೊಂಡಿತು. ಅದರ ಬದುಕು ಘಟ್ಟದಿಂದ ಬರುವ ಸರಕಿನ ಮೇಲೆ ಮಾತ್ರ ನಿಂತಿರದೆ ತನ್ನದೇ ಹಿನ್ನೀರಿನಲ್ಲಿ ಬೆಳೆಯುವ ಉಪ್ಪು, ಭತ್ತ, ಮೀನುಗಳ ಮೇಲೆ ನಿಂತಿದ್ದುದೇ ಇದಕ್ಕೆ ಕಾರಣ.

ಇವುಗಳಲ್ಲಿ ಉಪ್ಪು ಮೊದಲನೆಯದು. ತದಡಿಗೆ ಹತ್ತಿರದ ಸಾಣಿಕಟ್ಟೆಯಲ್ಲಿ ಉಬ್ಬರದ ನೀರನ್ನು ಕಾಲುವೆಯಿಂದ ಒಳಕ್ಕೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಗೊಳಿಸಿ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಮರದ ಹಲಗೆಯಿಂದ ಎಳೆದು ರಾಶಿ ಮಾಡುತ್ತಾರೆ. ಮಡಿಯ ಮಣ್ಣಿನ ಬಣ್ಣವನ್ನು ತುಸು ಹೊತ್ತ ಈ ಉಪ್ಪು ಪೂರ್ತಿ ಬಿಳುಪಿನದಲ್ಲ. ಮೀನು ಒಣಗಿಸುವವರಿಗೂ ಉಪ್ಪಿನಕಾಯಿ ಹಾಕುವವರಿಗೂ ಅದೇ ಬೇಕು. ಉಪ್ಪು ತೆಗೆಯುವ ಜಾಗಕ್ಕೆ ಆಗರ ಎಂದು ಹೆಸರು. ಆ ಕಸುಬಿನ ಆಗೇರ ಸಮುದಾಯಕ್ಕೂ ಹೆಸರು ಅಲ್ಲಿಂದಲೇ ಬಂದಿತೆನ್ನುತ್ತಾರೆ. ಹೇರೆತ್ತುಗಳ ಬೆನ್ನೇರಿ ಉಪ್ಪು ಘಟ್ಟ ಹತ್ತುವುದು, ಇಳಿಯುವಾಗ ಅವೇ ಎತ್ತುಗಳು ಧಾನ್ಯವನ್ನು ತರುವುದು ಕರಾವಳಿಯ ಹಳೆಯ ವ್ಯಾಪಾರಕ್ರಮವಾಗಿತ್ತು.

ಎರಡನೆಯದು ಗಜನಿ. ಉಪ್ಪುನೀರು ನುಗ್ಗುವ ಅಳಿವೆಯ ತಗ್ಗು ಗದ್ದೆಗೆ ಗಜನಿ ಎಂದು ಹೆಸರು. ಮಣ್ಣಿನ ಒಡ್ಡು ಕಟ್ಟಿ, ಅದರಲ್ಲಿ ಜಂತ್ರಡಿ ಎಂಬ ಮರದ ಬಾಗಿಲನ್ನು ಕೂರಿಸಿ, ಉಬ್ಬರ-ಇಳಿತಕ್ಕೆ ಸರಿಯಾಗಿ ಹಲಗೆಯನ್ನು ಏರಿಸಿ ಇಳಿಸಿ ನೀರನ್ನು ಹಿಡಿತದಲ್ಲಿಡುತ್ತಾರೆ. ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಬಿತ್ತುವ ಕಗ್ಗ ಎಂಬ ಭತ್ತದ ತಳಿ ಕೆಲವು ದಿನ ಉಪ್ಪುನೀರಿನಲ್ಲಿ ಮುಳುಗಿದರೂ ಸಾಯದು, ಗೊಬ್ಬರವೂ ಬೇಡ. ಕೊಯಿಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಕೂಳೆಯ ನಡುವೆ ಸಿಗಡಿಯೂ ಮೀನೂ ಬೆಳೆಯುತ್ತವೆ. ಒಂದೇ ನೆಲ ವರ್ಷಕ್ಕೆ ಎರಡು ಬಗೆಯ ಆದಾಯ ಕೊಡುವ ಈ ಏರ್ಪಾಡಿಗಿಂತ ಜಾಣತನದ ಬೇಸಾಯ ಕರಾವಳಿಯಲ್ಲಿ ಇನ್ನೊಂದಿಲ್ಲ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿಗಿಳಿದು, ಕಾಲಬೆರಳಿನಿಂದ ಕೆಸರನ್ನು ತಡಕಿ ಬಳಚನ್ನು, ಅಂದರೆ ಚಿಪ್ಪಿನ ಮೃದ್ವಂಗಿಯನ್ನು, ಹೆಕ್ಕಿ ಬುಟ್ಟಿ ತುಂಬಿಕೊಳ್ಳುವ ಹೆಂಗಸರ ದುಡಿಮೆಯೂ ಇದೇ ಹಿನ್ನೀರಿಗೆ ಸೇರಿದ್ದು; ಮಾಂಸ ಪೇಟೆಗೆ ಹೋದರೆ ಚಿಪ್ಪು ಸುಣ್ಣದ ಗೂಡಿಗೆ ಹೋಗುತ್ತಿತ್ತು.

ಮೀನುಗಾರಿಕೆಯಲ್ಲಿ ತದಡಿಯ ಸ್ಥಾನವನ್ನು ಬದಲಿಸಿದ್ದು ಯಂತ್ರದೋಣಿ. ಹರಿಕಂತ್ರರು, ಖಾರ್ವಿಗಳು ಮೊದಲಾದವರು ನಡೆಸುತ್ತಿದ್ದ ರಂಪಣಿ ಎಂಬುದು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು ಎರಡೂ ತುದಿಗಳನ್ನು ದಡದಿಂದ ಎಳೆಯುವ ದೊಡ್ಡ ಬಲೆ. ಬಂದ ಬಂಗಡೆ, ತಾರ್ಲೆಯನ್ನು ಪಾಲು ಹಂಚಿಕೊಳ್ಳಲಾಗುತ್ತಿತ್ತು. ಅದಕ್ಕೆ ಬೇಕಾದದ್ದು ತೆರೆದ ಮರಳತೀರ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದಾಗ ರಂಪಣಿ ಸೋತಿತು, ಮತ್ತು ಯಂತ್ರದೋಣಿಗೆ ಅಲೆಯ ಹೊಡೆತವಿಲ್ಲದ ತಂಗುದಾಣ ಬೇಕಾದುದರಿಂದ ಅಳಿವೆಯ ಒಳಗಿನ ತದಡಿ ಮೀನುಗಾರಿಕಾ ಬಂದರಾಗಿ ಮೇಲೆದ್ದಿತು. ಮರಳತೀರಗಳು ಕಳೆದುಕೊಂಡದ್ದನ್ನು ಅಳಿವೆ ಪಡೆಯಿತು. ಆ ಲಾಭದೊಂದಿಗೆ ರಂಪಣಿಯ ಪಾಲುದಾರಿಕೆ ಅಳಿದ ದುಃಖವೂ ಸೇರಿದೆ.

ಸರ್ವಋತು ಬಂದರು, 4000 ಮೆಗಾವ್ಯಾಟ್‌ನ ಉಷ್ಣವಿದ್ಯುತ್ ಸ್ಥಾವರ ಮುಂತಾದ ಯೋಜನೆಗಳೂ ತದಡಿಯ ಹೆಸರಿನಲ್ಲಿ ಪ್ರಸ್ತಾಪಗೊಂಡು, ಸ್ಥಳೀಯರ ವಿರೋಧವನ್ನೂ ಎದುರಿಸಿದವು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು, ಘೋಷಿತವಾಯಿತು.

ಇಂಥ ಊರಿನ ಚರಿತ್ರೆ ಕಲ್ಲಿನಲ್ಲಿ ಸಿಗುವುದಕ್ಕಿಂತ ಕಾಗದದಲ್ಲಿ ಸಿಗುವುದೇ ಹೆಚ್ಚು. ತದಡಿ, ಸಾಣಿಕಟ್ಟೆ, ಮಿರ್ಜಾನ್, ಹನೇಹಳ್ಳಿ ಸುತ್ತಿನ ಮನೆಗಳ ಅಟ್ಟದಲ್ಲಿ ಹಳೆಯ ಉಪ್ಪಿನ ಲೆಕ್ಕ, ಗಜನಿಯ ಗೇಣಿಚೀಟಿ, ದೋಣಿಯ ಪಾಲುಪಟ್ಟಿ ಉಳಿದಿದ್ದರೆ ಅವನ್ನು ರದ್ದಿಗೆ ಹಾಕದೆ ಕಾಪಾಡಿ, ಓದಬಲ್ಲವರ ಕೈಗೆ ಒಪ್ಪಿಸಬೇಕು.