ಹೊಟ್ಟೆಯೊಳಗಿನ ಗೋಮಾಳ

ಹಿಂದೊಮ್ಮೆ ನೆಗಡಿಗೆಂದು ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಂಡು ನುಂಗಿದೆ. ನೆಗಡಿ ತನ್ನ ಪಾಡಿಗೆ ತಾನು ಹೋಯಿತು; ಭೇದಿ ಮಾತ್ರ ಎರಡು ವಾರ ಕಾಡಿತು. ನೆಗಡಿ ತರುವುದು ವೈರಸ್. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಹಾಗಾದರೆ ನಾನು ಕೊಂದದ್ದು ಯಾರನ್ನು?

ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ನಮಗೆ ಜೀರ್ಣವಾಗದ ನಾರನ್ನು ಹುದುಗಿಸಿ, ದೊಡ್ಡಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟನ್ನು ಒದಗಿಸುತ್ತವೆ. ಅವುಗಳ ಇರುವಿಕೆಯೇ ರೋಗಕಾರಕಗಳಿಗೆ ತಡೆ. ಅವು ನಾಶವಾದರೆ, ಗೋಮಾಳದ ಒತ್ತುವರಿಯಂತೆ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಹಬ್ಬಿ, ಪ್ರಾಣಕ್ಕೂ ಎರವಾಗಬಲ್ಲ ಕರುಳಿನ ಉರಿಯೂತವನ್ನು ತರಬಹುದು.

ಒತ್ತುವರಿ ತೆರವಿಗೆ ಮತ್ತಷ್ಟು ಔಷಧವೊಂದೇ ಸಾಲದು. ನೆದರ್‌ಲೆಂಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ರೋಗ ಮರುಕಳಿಸಿದ್ದ 16 ಮಂದಿಯ ಕರುಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಹಾಯಿಸಲಾಯಿತು. ಮೊದಲ ಸಲಕ್ಕೇ 13 ಮಂದಿ ಗುಣಮುಖರಾದರು. ವ್ಯಾಂಕೋಮೈಸಿನ್ ಔಷಧವನ್ನಷ್ಟೇ ಪಡೆದ 13 ಮಂದಿಯಲ್ಲಿ ಗುಣ ಕಂಡವರು ನಾಲ್ವರು. ಕಳೆದುಕೊಂಡ ಜೀವಸಂಕುಲವನ್ನು ಮರಳಿ ನೆಲೆಗೊಳಿಸಿದ್ದೇ ಚಿಕಿತ್ಸೆಯಾಯಿತು.

ಅನಗತ್ಯ ಆಂಟಿಬಯಾಟಿಕ್‌ನ ನಷ್ಟ ಸೇವಿಸಿದವನಿಗಷ್ಟೇ ಸೀಮಿತವಲ್ಲ. ಔಷಧಕ್ಕೆ ಜಗ್ಗದೆ ಉಳಿದ ತಳಿಗಳು ನೆರೆಯವರಿಗೂ ಹರಡಬಲ್ಲವು. ಅರ್ಥಶಾಸ್ತ್ರ ಓದಿದ ನನಗೆ ಈ ಲೆಕ್ಕ ಹೊಸತಲ್ಲ. ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರಕೂಡದೆಂಬ ನಿಯಮವೂ ಇದೆ. ಅಂಗಡಿಯವನು ಚೀಟಿ ಕೇಳಲಿಲ್ಲವೆಂದು ದೂರುವುದು ಸುಲಭ. ಆದರೆ ನಿಯಮಪಾಲನೆಯ ಬಗ್ಗೆ ಸೇವಾವಧಿಯುದ್ದಕ್ಕೂ ಸುತ್ತೋಲೆ ಹೊರಡಿಸಿದ ನಾನೇ ಅಂದು ಬರಿಗೈ ಚಾಚಿದ್ದೆ.