ಮಜ್ಜೆ ಚಿಗುರುವ ತನಕದ ನೋವು

ರಕ್ತದ ಕ್ಯಾನ್ಸರ್‌ಗೆ ಮಾಡುವ ಕಾಂಡಕೋಶ ಕಸಿಯಲ್ಲಿ ಕಸಿಯ ಗಳಿಗೆಯೇ ಎಲ್ಲಕ್ಕಿಂತ ಸಲೀಸು. ರಕ್ತ ಕೊಡುವಂತೆ ಚೀಲದಿಂದ ನಳಿಕೆಯ ಮೂಲಕ ಕೋಶಗಳನ್ನು ರಕ್ತನಾಳಕ್ಕೆ ಬಿಡುತ್ತಾರೆ. ಅವು ತಾವೇ ಮೂಳೆಯೊಳಗಿನ ಮಜ್ಜೆಗೆ ದಾರಿ ಹುಡುಕಿಕೊಳ್ಳುತ್ತವೆ. ಕಷ್ಟವೆಲ್ಲ ಅದರ ಆಚೀಚೆ. ಮೊದಲು ಕೊಡುವ ಭಾರಿ ಪ್ರಮಾಣದ ಕೀಮೋಥೆರಪಿ, ಬೇಗ ಬೇಗ ವಿಭಜಿಸುವ ಕೋಶಗಳನ್ನೆಲ್ಲ ಹೊಡೆಯುತ್ತದೆ. ಬಾಯಿಯಿಂದ ಕರುಳಿನವರೆಗಿನ ಒಳಪದರವೂ ಅಂಥದ್ದೇ. ಹಾಗಾಗಿ ಎಂಜಲು ನುಂಗಲೂ ಬಿಡದ ಹುಣ್ಣು, ವಾಂತಿ, ಭೇದಿ. ಬಿಳಿರಕ್ತಕಣಗಳು ಕುಸಿದಿರುವುದರಿಂದ ಸೋಂಕಿನ ಭಯ, ಒಂಟಿ ಕೋಣೆ. ಹೊಸ ಕೋಶಗಳು ಬೇರೂರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು.

ಈ ವಾರಗಳ ಸಂಕಟವನ್ನು ‘ಗುಣವಾಗಬೇಕಾದರೆ ಇಷ್ಟು ಸಹಿಸಲೇಬೇಕು’ ಎಂದು ವೈದ್ಯರೂ ರೋಗಿಗಳೂ ಬಹುಕಾಲ ಒಪ್ಪಿಕೊಂಡಿದ್ದರು. ನೋವು ತಗ್ಗಿಸುವುದರಲ್ಲಿ ಪಳಗಿದ ಪ್ಯಾಲಿಯೇಟಿವ್ ಕೇರ್ ತಂಡವನ್ನು ಕರೆಯುತ್ತಿದ್ದುದು, ಇನ್ನೇನೂ ಮಾಡಲಾಗದು ಎಂದಾದ ಮೇಲೆ. ಈ ರೂಢಿ ತಪ್ಪು ಎನ್ನಲು ಈಗ ಗಟ್ಟಿ ಪುರಾವೆ ಇದೆ.

ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ಅರೀಜ್ ಎಲ್-ಜವಾಹ್ರಿ ಮತ್ತು ಸಂಗಡಿಗರು ಕಸಿಗೆ ದಾಖಲಾದ 160 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ, ವಾರಕ್ಕೆ ಕನಿಷ್ಠ ಎರಡು ಸಲ ಪ್ಯಾಲಿಯೇಟಿವ್ ತಂಡದ ಭೇಟಿ. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಎರಡನೆಯ ವಾರದ ಹೊತ್ತಿಗೆ, ಜೀವನದ ಗುಣಮಟ್ಟ ಅಳೆಯುವ ಅಂಕ ಮೊದಲ ಗುಂಪಿನಲ್ಲಿ ಸರಾಸರಿ 21.5ರಷ್ಟು ಇಳಿದಿತ್ತು, ಎರಡನೆಯದರಲ್ಲಿ 14.7ರಷ್ಟು. ಆತಂಕ, ಖಿನ್ನತೆಯೂ ಕಡಿಮೆ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನ ಸಂಗತಿ. ಭೇಟಿಗಳು ನಡೆದದ್ದು ಆಸ್ಪತ್ರೆಯಲ್ಲಿದ್ದಷ್ಟು ದಿನ ಮಾತ್ರ. ಆದರೂ ಆರು ತಿಂಗಳ ನಂತರ ಆ ರೋಗಿಗಳಲ್ಲಿ ಖಿನ್ನತೆಯೂ, ಆಘಾತದ ನೆನಪು ಮತ್ತೆ ಮತ್ತೆ ಕಾಡುವ ಲಕ್ಷಣಗಳೂ ಕಡಿಮೆಯೇ ಇದ್ದವು. ಪಕ್ಕದಲ್ಲಿದ್ದು ನೋಡಿಕೊಂಡ ಮನೆಯವರಲ್ಲೂ ಎರಡನೆಯ ವಾರದಲ್ಲಿ ಖಿನ್ನತೆ ಇನ್ನೊಂದು ಗುಂಪಿನವರಷ್ಟು ಏರಿರಲಿಲ್ಲ.

ಈ ತಂಡದ ಕೆಲಸ ಬರೀ ಸಾಂತ್ವನವಲ್ಲ. ವಾಕರಿಕೆಯನ್ನೇ ನೋಡಿ. ಕೀಮೋದಿಂದಾಗಿ ಕರುಳಿನ ಕೋಶಗಳು ಸೆರೊಟೋನಿನ್ ಸೂಸಿ ಬಂದ ವಾಕರಿಕೆಗೆ ಆಂಡಾನ್ಸೆಟ್ರಾನ್ ಎಂಬ ಮದ್ದು ನಾಟುತ್ತದೆ. ಔಷಧದ ವಾಸನೆ ಬಡಿದೊಡನೆ ಹಳೆಯ ನೆನಪಿನಿಂದ ಏಳುವ ವಾಕರಿಕೆಗೆ ಅದು ಅಷ್ಟಾಗಿ ನಾಟುವುದಿಲ್ಲ, ಅಲ್ಲಿ ಆತಂಕಕ್ಕೇ ಮದ್ದು ಬೇಕು. ಹುಣ್ಣಿನ ನೋವಿಗೆ ಮಾರ್ಫಿನ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದಕ್ಕೂ ಇಂಥದೇ ನಿಗಾ ಬೇಕು. ಕಸಿ ವೈದ್ಯರ ಗಮನವೆಲ್ಲ ಸೋಂಕು, ರಕ್ತಕಣಗಳ ಎಣಿಕೆ, ದಾನಿಯ ಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವ ಅಪಾಯದ ಮೇಲಿರುವಾಗ, ಈ ನಿಗಾಕ್ಕೆ ಬೇರೆಯದೇ ಕೈ ಬೇಕು.

ನಿಮ್ಮ ಮನೆಯವರಿಗೆ ಕಸಿ ನಿಗದಿಯಾಗಿದ್ದರೆ, ಕೀಮೋ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ: ನೋವು, ನಿದ್ದೆ, ಭಯ ಇವನ್ನು ಯಾರು ನೋಡಿಕೊಳ್ಳುತ್ತಾರೆ, ಪ್ಯಾಲಿಯೇಟಿವ್ ತಂಡ ಮೊದಲ ದಿನದಿಂದಲೇ ಬರಬಹುದೇ? ಕೇಳಲು ಸಂಕೋಚ ಬೇಡ.